ಹಳೇ ಜೀಪಿನ ಸದ್ದು, ಹೊಗೆ: ಮೊದಲು ಲೀಕ್ ಹುಡುಕಿ, ಆಮೇಲೆ ಸೈಲೆನ್ಸರ್

ಅಮೆರಿಕದಲ್ಲಿ 1932ರ ಫೋರ್ಡ್ ಥರದ ಹಳೇ ಕಾರುಗಳ ಮಡ್‌ಗಾರ್ಡ್ ಬಿಚ್ಚಿ, ಎಂಜಿನ್ ಬಲ ಹೆಚ್ಚಿಸಿ ಓಡಿಸುವುದಕ್ಕೆ ಹಾಟ್ ರಾಡ್ ಅಂತಾರೆ. ಕೊಡಗಿನಲ್ಲಿ ಆ ಜಾಗ ಜೀಪಿನದು. ಹಳೇ ಪೆಟ್ರೋಲ್ ವಿಲ್ಲೀಸ್ ಇರಲಿ, ಪ್ಯೂಜೋ ಡೀಸೆಲ್ ಎಂಜಿನ್ನಿನ ಮಹೀಂದ್ರಾ ಇರಲಿ, ಕೈಗೆ ಸಿಕ್ಕ ಕೂಡಲೇ ದೊಡ್ಡ ಟಯರ್, ಬಂಪರ್, ಆಮೇಲೆ ಸೈಲೆನ್ಸರ್ ಕತ್ತರಿಸಿ ಹೊಟ್ಟೆ ಕೆಳಗೇ ಮುಗಿಯುವ ಗಿಡ್ಡ ಪೈಪು. ಸದ್ದು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅದೇ ಜೀಪು ಬೆಳಗ್ಗೆ ಲೈನ್‌ಮನೆಯಿಂದ ಕೆಲಸದವರನ್ನು ತೋಟಕ್ಕೆ ಕರೆತರುತ್ತದೆ, ಮಧ್ಯಾಹ್ನ ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಓಡಿಸುವವನಿಗೆ ಮುಂದಿನಿಂದ ಗಾಳಿ ಬರುತ್ತದೆ, ಹೊಗೆ ಕುಡಿಯುವುದು ಹಿಂದೆ ಕೂತವರು. ಇದನ್ನು ಬರೆಯುತ್ತಿರುವುದು ಅವರಿಗಾಗಿ.

ಸದ್ದು ಜಾಸ್ತಿ ಅಂದ ಕೂಡಲೇ ಎಲ್ಲರೂ ಹೊಸ ಸೈಲೆನ್ಸರ್ ತರಲು ಹೊರಡುತ್ತಾರೆ. ಅದು ಕೊನೆಯ ಕೆಲಸ. ಹೊಗೆ ಒಳಗೆ ಬರುವ ದಾರಿ, ಸದ್ದು ಹೊರಗೆ ಹೋಗುವ ದಾರಿ ಎಷ್ಟೋ ಸಲ ಒಂದೇ ಆಗಿರುತ್ತದೆ. ಅದನ್ನು ಮುಚ್ಚಿದರೆ ಅರ್ಧ ಕೆಲಸ ಮುಗಿಯಿತು.

ಲೀಕ್ ಹುಡುಕಲು ಒಳ್ಳೆ ಹೊತ್ತು ಅಂದರೆ ಬೆಳಗ್ಗೆ, ರಾತ್ರಿಯೆಲ್ಲ ನಿಂತು ಎಂಜಿನ್ ಪೂರ್ತಿ ತಣ್ಣಗಿರುವಾಗ. ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತನ್ನಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ದಪ್ಪ ಗ್ಲೌಸ್ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಒದ್ದೆ ಗೋಣಿಚೀಲವನ್ನು ಪೈಪಿನ ಬಾಯಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಲಿ. ಎಲ್ಲ ಬಿಗಿಯಾಗಿದ್ದರೆ ಎಂಜಿನ್ ಉಸಿರು ಕಟ್ಟಿದಂತಾಗಿ ಸದ್ದು ಕುಗ್ಗುತ್ತದೆ, ಚೀಲವನ್ನು ಹಿಂದಕ್ಕೆ ತಳ್ಳುತ್ತದೆ. ಏನೂ ಆಗದ ಹಾಗೆ ಓಡುತ್ತಿದ್ದು ಎಲ್ಲಿಂದಲೋ ಸುಸ್ ಅಂತ ಕೇಳಿದರೆ ಅಲ್ಲೇ ಲೀಕು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ಪೈಪು ಬಿಸಿಯಾಗುವ ಮೊದಲೇ ನೋಡಿಕೊಳ್ಳಿ. ಮಸಿಯ ಗುರುತನ್ನೂ ಹುಡುಕಿ. ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಮ್ಯಾನಿಫೋಲ್ಡ್ ಎಂಜಿನ್ ಹೆಡ್ಡಿಗೆ ಕೂರುವ ಜಾಗದಲ್ಲಿ ಕಪ್ಪು ಗೆರೆ ಕಂಡರೆ ನಡುವಿನ ಪ್ಯಾಕಿಂಗ್ (ಸಂದು ಮುಚ್ಚುವ ಹಾಳೆ) ಹೋಗಿದೆ ಅಂತಲೇ ಅರ್ಥ. ತಣ್ಣಗಿರುವಾಗ ಟಿಕ್ ಟಿಕ್ ಅಂತ ಬರುವ ಸದ್ದು ಬಿಸಿಯಾದ ಮೇಲೆ ನಿಂತರೂ ಅದೇ ಕಾಯಿಲೆ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ ಅಷ್ಟೆ, ರಿಪೇರಿ ಆಯಿತು ಅಂತಲ್ಲ.

ಪ್ಯಾಕಿಂಗ್ ಒಂದನ್ನೇ ಬದಲಾಯಿಸಿ ಸುಮ್ಮನಾಗಬೇಡಿ. ಮ್ಯಾನಿಫೋಲ್ಡ್ ಬಿಚ್ಚಿದಾಗ ಅದರ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಅದು ಸೊಟ್ಟಗಾಗಿದೆ, ಲೇತ್ ಅಂಗಡಿಯಲ್ಲಿ ಮುಖ ಹೊಡೆಸಬೇಕು. ಇಲ್ಲವಾದರೆ ಹೊಸ ಪ್ಯಾಕಿಂಗ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಿತ್ತಾಳೆ ನಟ್ಟು ಸಿಕ್ಕರೆ ಅದನ್ನೇ ಹಾಕಿ, ಮುಂದಿನ ಸಲ ಬಿಚ್ಚುವಾಗ ಸ್ಟಡ್ ಮುರಿಯುವುದಿಲ್ಲ. ಪೈಪಿನೊಳಗೆ ಪೈಪು ತೂರಿಸುವ ಜಾಯಿಂಟ್ ಇದ್ದರೆ ಎಂಜಿನ್ ಕಡೆಯ ಪೈಪು ಒಳಗೆ, ಹಿಂದಿನದು ಹೊರಗೆ ಬರಬೇಕು. ತಿರುಗಾಮುರುಗಾ ಹಾಕಿದರೆ ಎಷ್ಟು ಕ್ಲಾಂಪ್ ಬಿಗಿದರೂ ಹೊಗೆ ಸಂದಿಗೆ ನುಗ್ಗುತ್ತದೆ. ಇನ್ನೊಂದು, ಹಳೇ ಡೀಸೆಲ್ ಎಂಜಿನ್ ನಡುಗುವುದು ಜಾಸ್ತಿ. ಪೈಪನ್ನು ಚಾಸಿಗೆ ಗಟ್ಟಿಯಾಗಿ ವೆಲ್ಡ್ ಮಾಡಿಬಿಟ್ಟರೆ ಬಿರುಕು ಬಿಟ್ಟೇ ಬಿಡುತ್ತದೆ. ಮ್ಯಾನಿಫೋಲ್ಡಿನಿಂದ ಇಳಿಯುವ ಪೈಪಿಗೆ ಒಂದು ಫ್ಲೆಕ್ಸಿಬಲ್ ತುಂಡು ಸೇರಿಸಿ, ಉಳಿದದ್ದನ್ನು ರಬ್ಬರ್ ಹ್ಯಾಂಗರ್‌ನಲ್ಲಿ ನೇತುಹಾಕಿ. ಮಾಂದಲ್‌ಪಟ್ಟಿ ದಾರಿಯಂಥ ಕಡೆ ಕಲ್ಲಿಗೆ ಬಡಿದು ಪೈಪು ಚಪ್ಪಟೆಯಾಗಿದೆಯಾ ಅಂತಲೂ ನೋಡಿ. ಅಲ್ಲಿ ಹೊಗೆಗೆ ದಾರಿ ಕಿರಿದಾದರೆ ಅಲ್ಲಿಂದ ಎಂಜಿನ್ ಕಡೆಗಿರುವ ಎಲ್ಲ ಜಾಯಿಂಟುಗಳ ಮೇಲೆ ಒತ್ತಡ ಏರುತ್ತದೆ.

ಈಗ ಪೈಪಿನ ಬಾಯಿ. ಮಣ್ಣು ರಸ್ತೆಯಲ್ಲಿ ಓಡಿಸಿದ ಮೇಲೆ ಜೀಪಿನ ಹಿಂದಿನ ಬಾಗಿಲು ಪೂರ್ತಿ ಧೂಳು ಮೆತ್ತಿಕೊಂಡಿರುತ್ತದೆ, ನೋಡಿರುತ್ತೀರಿ ಅಲ್ವಾ? ಗಾಡಿ ಮುಂದೆ ಹೋದಾಗ ಅದರ ಚಪ್ಪಟೆ ಬೆನ್ನಿನ ಹಿಂದೆ ಗಾಳಿಯ ಒತ್ತಡ ಇಳಿಯುತ್ತದೆ, ಸುತ್ತಲಿನದ್ದೆಲ್ಲ ಅಲ್ಲಿಗೆ ಸುತ್ತಿಕೊಂಡು ಬರುತ್ತದೆ. ಧೂಳು ಬರುವ ಜಾಗಕ್ಕೇ ಹೊಗೆಯೂ ಬರುತ್ತದೆ. ಹಿಂದಿನ ಟಾರ್ಪಾಲ್ ಮೇಲಕ್ಕೆ ಸುತ್ತಿ ಕಟ್ಟಿದ್ದರೆ ನೇರ ಸೀಟಿಗೆ. ಹೊಟ್ಟೆ ಕೆಳಗೇ ಮುಗಿಯುವ ಪೈಪು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಗಾಡಿ ನಿಂತಾಗಲೂ ಹೊಗೆ ನೆಲದ ತೂತುಗಳಿಂದ ಏರುತ್ತದೆ. ಆದ್ದರಿಂದ ಪೈಪನ್ನು ಹಿಂದಿನ ಆಕ್ಸಲ್ ಮೇಲಿಂದ ದಾಟಿಸಿ, ಬಲಗಡೆ ಹಿಂದಿನ ಮೂಲೆಗೆ ಎಳೆದು, ಬಾಡಿಯ ಅಂಚಿಗಿಂತ ಎರಡು ಮೂರು ಇಂಚು ಹೊರಗೆ ಬಿಡಿ. ಬಾಯಿ ಹಿಂದಕ್ಕೆ, ಸ್ವಲ್ಪ ಬಲಕ್ಕೆ ತಿರುಗಿರಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೊಗೆಯನ್ನು ಕೆಳಕ್ಕಾಗಲಿ ಎಡಕ್ಕಾಗಲಿ ಬಿಡಬಾರದು ಅನ್ನುತ್ತವೆ. ಎಡಗಡೆ ಜನ ನಡೆಯುತ್ತಿರುತ್ತಾರೆ. ಪೈಪಿಗೂ ಇಂಧನದ ಲೈನಿಗೂ ಕನಿಷ್ಠ 35 ಮಿಲಿಮೀಟರ್ ಅಂತರ ಇರಬೇಕು ಅಂತಲೂ ಅದರಲ್ಲೇ ಇದೆ. ವೆಲ್ಡ್ ಮಾಡಿಸುವ ಮೊದಲು ಜಾಕ್ ಹಾಕಿ ಆಕ್ಸಲ್ ಪೂರ್ತಿ ಇಳಿದಾಗ, ಪೂರ್ತಿ ಏರಿದಾಗ ಪೈಪಿಗೆ ತಾಗುತ್ತದಾ ಅಂತ ನೋಡಿ.

ಮಳೆಗಾಲದಲ್ಲಿ ನಮ್ಮ ಅಭ್ಯಾಸವೂ ಬದಲಾಗಬೇಕು. ಮುಂದೆ ಎಲ್ಲ ಮುಚ್ಚಿ, ಹಿಂದೆ ಮಾತ್ರ ತೆರೆದಿಟ್ಟು ಓಡಿಸಿದರೆ ಹೊಗೆಯನ್ನು ಕರೆದು ಕೂರಿಸಿದ ಹಾಗೆ. ಹಿಂದಿನ ಟಾರ್ಪಾಲ್ ಬಿಗಿಯಾಗಿ ಕಟ್ಟಿ, ಮುಂದಿನ ಬದಿಯ ಪರದೆಯನ್ನು ನಾಲ್ಕು ಬೆರಳು ತೆರೆದಿಡಿ. ಗಾಳಿ ಮುಂದಿನಿಂದ ಬಂದು ಹಿಂದಕ್ಕೆ ಹೋಗಬೇಕು. ಅನುಮಾನ ಇದ್ದರೆ ಹಿಂದಿನ ಸಂದುಗಳ ಒಳಗಡೆ ಉಣ್ಣೆ ದಾರದ ತುಂಡುಗಳನ್ನು ಅಂಟಿಸಿ ಓಡಿಸಿ. ದಾರ ಒಳಮುಖವಾಗಿ ಹಾರಾಡಿದರೆ ಹೊಗೆಯೂ ಆ ದಾರಿಯಲ್ಲೇ ಬರುತ್ತಿದೆ.

ಬಾಡಿಯ ತೂತು ಹುಡುಕಲು ಕತ್ತಲೆ ಬೇಕು. ರಾತ್ರಿ ಬಾನೆಟ್ ಒಳಗೊಂದು, ಹೊಟ್ಟೆ ಕೆಳಗೊಂದು ಜೋರು ಟಾರ್ಚ್ ಇಟ್ಟು, ನೀವು ಒಳಗೆ ಕೂತು ನೋಡಿ. ಕ್ಲಚ್ ಪೆಡಲ್ ಸುತ್ತ, ಸ್ಟೀರಿಂಗ್ ರಾಡ್ ಇಳಿಯುವಲ್ಲಿ, ಗೇರ್ ಲಿವರ್‌ನ ಹರಿದ ರಬ್ಬರ್ ಕೆಳಗೆ, ವೈರ್ ಬರುವ ತೂತಿನಲ್ಲಿ, ತುಕ್ಕು ತಿಂದ ನೆಲದಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅಷ್ಟೂ ಕಡೆಯಿಂದ ಹೊಗೆ ಬರುತ್ತದೆ, ಸದ್ದೂ ಬರುತ್ತದೆ. ತಗಡಿನ ತುಂಡು, ರಬ್ಬರ್ ಬುಷ್, ಹಿಂದಿನ ಬಾಗಿಲಿಗೆ ಬೀಡಿಂಗ್, ನೆಲಕ್ಕೆ ದಪ್ಪ ರಬ್ಬರ್ ಮ್ಯಾಟ್, ಖರ್ಚು ಜಾಸ್ತಿ ಇಲ್ಲ.

ಇಷ್ಟಾದರೂ ಎಣ್ಣೆ ಸುಟ್ಟ ವಾಸನೆ ಬರುತ್ತಿದ್ದರೆ ಅದು ಸೈಲೆನ್ಸರ್ ಹೊಗೆಯೇ ಅಲ್ಲದಿರಬಹುದು. ಎಂಜಿನ್ನಿನೊಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪು ಬಾನೆಟ್ ಒಳಗೇ ಮುಗಿದಿರುತ್ತದೆ, ಆ ಹಬೆ ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ (ಫೈರ್‌ವಾಲ್) ದಾಟಿ ಬರುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬುಸುಬುಸು ಅಂತ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ. ಅದಕ್ಕೆ ಎಂಜಿನ್ ಕೆಲಸವೇ ಮದ್ದು.

ಹೊಗೆಯ ಬಣ್ಣ ಕೂಡ ಹೇಳುತ್ತದೆ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಡೀಸೆಲ್‌ನಲ್ಲಿ ಕಪ್ಪು ಅಂದರೆ ಗಾಳಿ ಸಾಲದು ಅಥವಾ ಇಂಧನ ಜಾಸ್ತಿ. ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್, ಪಂಪು. ಚಳಿಯ ಬೆಳಗಿನಲ್ಲಿ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತರೆ ಚಿಂತೆ ಬೇಡ, ಬಿಸಿಯಾದ ಮೇಲೂ ನಿಲ್ಲದಿದ್ದರೆ ತೋರಿಸಿ. ಕಾರ್ಬುರೇಟರ್ ಇರುವ ಗಾಡಿಯವರು ನಮ್ಮ ಎತ್ತರವನ್ನು ಮರೆಯಬಾರದು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದ್ದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಕೆಳಗೆ ಟ್ಯೂನ್ ಮಾಡಿಸಿದ ಗಾಡಿ ಸಂಪಾಜೆ ಘಾಟಿ ಹತ್ತಿ ಬಂದರೆ ಪೆಟ್ರೋಲ್ ಪಾಲು ಜಾಸ್ತಿಯಾಗಿ ಕಣ್ಣು ಉರಿಯುವ ಹೊಗೆ ಬಿಡುತ್ತದೆ. ಗಾಡಿ ಇಲ್ಲೇ ಓಡುವುದಾದರೆ ಇಲ್ಲೇ ಟ್ಯೂನ್ ಮಾಡಿಸಿ.

ಪೆಟ್ರೋಲ್ ಗಾಡಿಯಲ್ಲಿ ನಿಜವಾದ ಅಪಾಯ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಘಾಟಿಯ ತಿರುವಿನಿಂದ ಅಂದುಕೊಂಡು ಬಿಡುತ್ತೇವೆ. ಹಿಂದೆ ಕೂತ ಇಬ್ಬರಿಗೆ ಒಟ್ಟಿಗೆ ಹಾಗಾದರೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ. ಇಳಿದ ಮೇಲೂ ಸರಿಹೋಗದಿದ್ದರೆ, ಯಾರಾದರೂ ಮಂಕಾದರೆ ತಡಮಾಡದೆ ಬೇರೆ ಗಾಡಿಯಲ್ಲಿ ಆಸ್ಪತ್ರೆಗೆ. ಈ ಅನಿಲ ಅಳೆಯುವ, ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಮೀಟರ್ ಸಿಗುತ್ತದೆ, ಹಿಂದಿನ ಸೀಟಿನಲ್ಲಿ ಕೂತವರ ಮೂಗಿನ ಎತ್ತರಕ್ಕೆ ಕಟ್ಟಿ ಓಡಿಸಿ ನೋಡಿ. ಅಂಕಿ ಸೊನ್ನೆಯ ಹತ್ತಿರವೇ ಇರಬೇಕು, ಏರುತ್ತಾ ಹೋದರೆ ಎಲ್ಲೋ ದಾರಿ ಉಳಿದಿದೆ. ಡೀಸೆಲ್‌ನಲ್ಲಿ ಈ ಅನಿಲ ಕಡಿಮೆ, ಆದರೆ ಅದರ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಎರಡೂ ಥರದ ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್‌ನಲ್ಲಿ ಬಿಡಬೇಡಿ.

ಈಗ ಸೈಲೆನ್ಸರ್‌ಗೆ ಬನ್ನಿ. ಒಳಗೆ ಕೋಣೆ ಕೋಣೆ ಇರುವ ಥರದ್ದು ತಗ್ಗಿನ ಗುಡುಗನ್ನು ಚೆನ್ನಾಗಿ ತಡೆಯುತ್ತದೆ. ತೂತಿನ ಪೈಪಿನ ಸುತ್ತ ಗ್ಲಾಸ್‌ವುಲ್ ತುಂಬಿದ್ದು ಚೀರುವ ಸದ್ದನ್ನು ನುಂಗುತ್ತದೆ, ಗುಡುಗು ಉಳಿಯುತ್ತದೆ. ತೋಟದ ಜೀಪಿಗೆ ನನ್ನ ಆಯ್ಕೆ ಕೋಣೆಯದ್ದೇ, ಜಾಗ ಇದ್ದಷ್ಟು ದೊಡ್ಡದು. ಒಂದೇ ವೇಗದಲ್ಲಿ ಕಿವಿಗೆ ಗುಂಯ್ ಅಂತ ಒತ್ತುವ ಸದ್ದಿಗೆ ಲೆಕ್ಕ ಇದೆ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 67 ಸಲ ಸಿಡಿಯುತ್ತದೆ. ಅದನ್ನು ಕೊಲ್ಲಲು ಒಂದು ತುದಿ ಮುಚ್ಚಿದ ಪೈಪನ್ನು ಪಕ್ಕಕ್ಕೆ ಸೇರಿಸುತ್ತಾರೆ, ಅದರ ಉದ್ದ ಸದ್ದಿನ ಅಲೆಯ ಕಾಲುಭಾಗ ಇರಬೇಕು. ಬಿಸಿ ಹೊಗೆಯಲ್ಲಿ ಅದು 1.7 ಮೀಟರ್ ಮೇಲೆ ಬರುತ್ತದೆ. ಎಂಟು ಸಿಲಿಂಡರಿನ (ವಿ8) ಹಾಟ್ ರಾಡ್‌ಗೆ ಇದರ ಅರ್ಧ ಸಾಕು. ಗಿಡ್ಡ ಜೀಪಿನ ಕೆಳಗೆ ಅಷ್ಟು ಜಾಗ ಎಲ್ಲಿದೆ? ಅದರ ಬದಲು ಹಿಂದೆ ಇನ್ನೊಂದು ಸಣ್ಣ ಸೈಲೆನ್ಸರ್ ಸೇರಿಸಿ. ಪೈಪನ್ನು ಕಂಪನಿ ಹಾಕಿದ್ದಕ್ಕಿಂತ ತುಂಬಾ ದಪ್ಪ ಮಾಡಿಸಬೇಡಿ.

ಸದ್ದು ತಗ್ಗಿಸಲು ದಂಡವೂ ಒಂದು ಕಾರಣ. 2019ರ ತಿದ್ದುಪಡಿಯ ನಂತರ ಶಬ್ದ, ಹೊಗೆಯ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನನಗೆ ಅದಕ್ಕಿಂತ ದೊಡ್ಡ ಕಾರಣ ಸಿದ್ದಾಪುರ ಕಡೆಯ ತೋಟದ ದಾರಿಗಳು. ಸಂಜೆ ಹೊತ್ತು ಆನೆ ಬಿದಿರು ಮುರಿಯುವ ಸದ್ದು ಕೇಳಿಸಬೇಕಾದರೆ ನಮ್ಮ ಗಾಡಿ ಸದ್ದು ಕಡಿಮೆ ಇರಲೇಬೇಕು.

ತುಕ್ಕು ನಮ್ಮ ಊರಿನ ಖಾಯಂ ಕಾಟ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ತೋಟದೊಳಗೆ ಗಿಡ್ಡ ಓಡಾಟ ಮಾಡುವ ಜೀಪಿನಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ನಿಂತು ಕೊಳೆಸುತ್ತದೆ. ಅತಿ ತಗ್ಗಿನ ಜಾಗದಲ್ಲಿ 3 ಮಿಲಿಮೀಟರ್ ತೂತು ಕೊರೆಸಿ, ಅದು ಬಾಡಿಯ ತೂತಿನ ಕೆಳಗೆ ಬಾರದಿರಲಿ. ವಾರಕ್ಕೊಮ್ಮೆ ಕುಶಾಲನಗರದವರೆಗೆ ಓಡಿಸಿ ಬನ್ನಿ. ಪೈಪಿಗೆ ಸುತ್ತುವ ಶಾಖದ ಪಟ್ಟಿ ಇಲ್ಲಿಗೆ ಬೇಡ, ಮಳೆನೀರು ಹಿಡಿದಿಟ್ಟು ಬೇಗ ತಿನ್ನಿಸುತ್ತದೆ. ಬಿಸಿ ತಡೆಯಲು ನಡುವೆ ಸಂದು ಬಿಟ್ಟು ತಗಡು ಕಟ್ಟಿಸಿ. ಫೆಬ್ರುವರಿ, ಮಾರ್ಚಿನಲ್ಲಿ ಒಣ ತರಗೆಲೆ, ಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಲಿಸಲೇಬೇಡಿ.

ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಸಿ, ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸಿ. ಮುಗಿದ ಮೇಲೆ ಒಂದು ವಾರ ಓಡಿಸಿ, ತಣ್ಣಗಾದಾಗ ಎಲ್ಲ ನಟ್ಟು, ಕ್ಲಾಂಪ್ ಮತ್ತೊಮ್ಮೆ ಬಿಗಿ ಮಾಡಿ, ಗೋಣಿಚೀಲದ ಪರೀಕ್ಷೆ ಇನ್ನೊಂದು ಸಲ ಮಾಡಿ.