ಯಂತ್ರಕ್ಕಿಂತ ಮೊದಲು ಗ್ರೈಂಡರ್: ಮನೆಯಲ್ಲಿ ಎಸ್ಪ್ರೆಸೊ, ನನ್ನ ಅನುಭವ

ಮನೆಯಲ್ಲೇ ಎಸ್ಪ್ರೆಸೊ ಮಾಡಬೇಕು, ಯಾವ ಯಂತ್ರ ತಗೊಳ್ಳಲಿ ಅಂತ ಗೆಳೆಯರು ಕೇಳುತ್ತಾರೆ. ಪುಡಿ ಎಲ್ಲಿಂದ ತರುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ನನ್ನ ಯಂತ್ರ ತೀರಾ ಸಾಧಾರಣದ್ದು. ದುಡ್ಡು ಸುರಿದದ್ದು ಗ್ರೈಂಡರಿಗೆ.

ಎಸ್ಪ್ರೆಸೊದಲ್ಲಿ ಬಿಸಿನೀರು ಸುಮಾರು 9 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು ಜೋರಿನಲ್ಲಿ, ಪುಡಿಯೊಳಗೆ ನುಗ್ಗುತ್ತದೆ. ಎಲ್ಲ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಬೇಕು. ಅಷ್ಟು ಜೋರಿನ ನೀರನ್ನು ತಡೆದು ನಿಧಾನ ಮಾಡುವುದು ಪುಡಿಯೇ. ಮಿಕ್ಸಿಯಲ್ಲಿ ಪುಡಿ ಮಾಡಿದರೆ ಒಂದಷ್ಟು ಹಿಟ್ಟಾಗುತ್ತದೆ, ಒಂದಷ್ಟು ತರಿಯಾಗಿಯೇ ಉಳಿಯುತ್ತದೆ. ಹಿಟ್ಟಿನಿಂದ ಕಹಿ, ತರಿಯಿಂದ ಹುಳಿ, ಎರಡೂ ಒಂದೇ ಕಪ್ಪಿಗೆ ಬರುತ್ತವೆ. ಬರ್ ಗ್ರೈಂಡರ್ ಬೀಸುವ ಕಲ್ಲಿನ ಹಾಗೆ. ಎರಡು ಚಕ್ರಗಳ ನಡುವಿನ ಸಂದು ಎಷ್ಟಿದೆಯೋ ಪುಡಿಯೂ ಅಷ್ಟೇ ಸಣ್ಣಗೆ ಬೀಳುತ್ತದೆ. ಆ ಸಂದನ್ನು ಕೂದಲೆಳೆಯಷ್ಟು ಹಿಗ್ಗಿಸಲು, ಕುಗ್ಗಿಸಲು ಬರಬೇಕು. ನನ್ನದು ಕೈಯಲ್ಲಿ ತಿರುಗಿಸುವ ಗ್ರೈಂಡರ್. ರಟ್ಟೆ ನೋಯುತ್ತದೆ, ನಿಜ. ಆದರೆ ಅದೇ ಬೆಲೆಗೆ ಸಿಗುವ ಕರೆಂಟಿನ ಗ್ರೈಂಡರಿಗಿಂತ ಇದರ ಪುಡಿ ವಾಸಿ.

ಯಂತ್ರದ ಡಬ್ಬದ ಮೇಲೆ 15 ಬಾರ್, 20 ಬಾರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಅದು ಪಂಪು ತಳ್ಳಬಲ್ಲ ಗರಿಷ್ಠ ಒತ್ತಡ, ಕಾಫಿಗೆ ಬೇಕಾದದ್ದಲ್ಲ. ಇನ್ನು ಮೋಕಾ ಪಾಟ್. 1933ರಲ್ಲಿ ಇಟಲಿಯಲ್ಲಿ ಬಿಯಲೆಟ್ಟಿ ತಂದ, ಒಲೆಯ ಮೇಲಿಟ್ಟು ಕಾಫಿ ಮಾಡುವ ಪಾತ್ರೆ ಅದು. ಕಾಫಿ ಚೆನ್ನಾಗಿ ಬರುತ್ತದೆ, ಗಟ್ಟಿಯಾಗಿಯೂ ಬರುತ್ತದೆ. ಆದರೆ ಅದರ ಒತ್ತಡ 1-2 ಬಾರ್ ಅಷ್ಟೇ, ಹಾಗಾಗಿ ಅದು ಎಸ್ಪ್ರೆಸೊ ಅಲ್ಲ.

ಬೀಜದ ವಿಷಯದಲ್ಲಿ ನಾವು ಪುಣ್ಯವಂತರು. ಚಿಕ್ಕಮಗಳೂರು, ಕೊಡಗು, ಹಾಸನ ಎಲ್ಲ ಪಕ್ಕದಲ್ಲೇ ಇವೆ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಮುಖ್ಯ ಜಾತಿ. ಅಂಗಡಿಯಲ್ಲಿ ಪ್ಲಾಂಟೇಶನ್ ಎ ಅಂದರೆ ತೊಳೆದು ಒಣಗಿಸಿದ ಅರೇಬಿಕಾ. ಚೆರ್ರಿ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ದು. ಪಾರ್ಚ್‌ಮೆಂಟ್ ಅಂದರೆ ತೊಳೆದ ರೊಬಸ್ಟಾ. ರೊಬಸ್ಟಾ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ, ನಾನು ಆ ಗುಂಪಿನವನಲ್ಲ. ಎಸ್ಪ್ರೆಸೊ ಮೇಲೆ ನಿಲ್ಲುವ ಆ ಕಂದು ನೊರೆ, ಕ್ರೀಮಾ, ದಪ್ಪಗೆ ಬರುವುದು ರೊಬಸ್ಟಾ ಇದ್ದರೇ. ಇಟಲಿಯವರು ನಮ್ಮ ರೊಬಸ್ಟಾವನ್ನು ಸುಮ್ನೆ ಕೊಳ್ಳುತ್ತಾರಾ? ನಾನು 70 ಭಾಗ ಪ್ಲಾಂಟೇಶನ್ ಎ, 30 ಭಾಗ ತೊಳೆದ ರೊಬಸ್ಟಾ ಬೆರೆಸುತ್ತೇನೆ. ಹಾಲು ಹಾಕಿದರೂ ಕಾಫಿಯ ರುಚಿ ಮುಳುಗುವುದಿಲ್ಲ.

ಪೊಟ್ಟಣದ ಮೇಲೆ ಹುರಿದ ತಾರೀಕು ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ. ಹಾಗಂತ ನಿನ್ನೆ ಹುರಿದದ್ದೂ ಆಗುವುದಿಲ್ಲ. ಹೊಸದಾಗಿ ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ನೀರನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಬರೀ ನೊರೆ ಬರುತ್ತದೆ, ರುಚಿ ಚುರುಕಾಗಿ ನಾಲಿಗೆಗೆ ಚುಚ್ಚುತ್ತದೆ. ವಾರ, ಹತ್ತು ದಿನ ಬಿಟ್ಟು ಪೊಟ್ಟಣ ಒಡೆಯುತ್ತೇನೆ.

ಈಗ ನಿಜವಾದ ಕೆಲಸ. 18 ಗ್ರಾಂ ಪುಡಿ ತೂಗಿ ಬಾಸ್ಕೆಟ್ಟಿಗೆ, ಅಂದರೆ ಯಂತ್ರದ ಹಿಡಿಯೊಳಗೆ ಕೂರುವ ತೂತಿನ ಬಟ್ಟಲಿಗೆ, ಹಾಕುತ್ತೇನೆ. ಕಪ್ಪಿನ ಕೆಳಗೆ ತಕ್ಕಡಿ ಇಟ್ಟು, 36 ಗ್ರಾಂ ಇಳಿಯುತ್ತಲೇ ನಿಲ್ಲಿಸುತ್ತೇನೆ. ಇದಕ್ಕೆ 25ರಿಂದ 30 ಸೆಕೆಂಡ್ ಆಗಬೇಕು. 15 ಸೆಕೆಂಡಿಗೇ ಸುರಿದು ಹೋಯಿತೆ? ಹುಳಿಯಾಗಿ, ತೆಳ್ಳಗಿರುತ್ತದೆ. ಪುಡಿ ಇನ್ನೂ ಸಣ್ಣಗಾಗಬೇಕು. 45 ಸೆಕೆಂಡ್ ಆದರೂ ತೊಟ್ಟಿಕ್ಕುತ್ತಿದೆಯೆ? ಕಹಿ, ಒಗರು. ಒಂದು ಚೂರು ತರಿ ಮಾಡಿ. ಪುಡಿಯ ತೂಕವನ್ನೂ ಗ್ರೈಂಡರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ತೂಕ ಹಾಗೇ ಇರಲಿ, ಗ್ರೈಂಡರ್ ಮಾತ್ರ ತಿರುಗಿಸಿ. ಬೀಜ ಹಳತಾದಂತೆ ನೀರು ಬೇಗ ಇಳಿಯುತ್ತದೆ, ಆಗ ಮತ್ತೆ ಸಣ್ಣಗೆ ಮಾಡಿಕೊಳ್ಳಬೇಕು.

ಬಾಸ್ಕೆಟ್ಟಿನಲ್ಲಿ ಪುಡಿ ಗಂಟು ಕಟ್ಟಿದ್ದರೆ ನೀರು ಸಡಿಲ ಇರುವ ಕಡೆ ದಾರಿ ಮಾಡಿಕೊಂಡು ನುಸುಳುತ್ತದೆ. ಬಾಟಲಿಯ ಬಿರಡೆಗೆ ನಾಲ್ಕೈದು ತೆಳು ಸೂಜಿ ಚುಚ್ಚಿಕೊಂಡು ಪುಡಿಯನ್ನು ಕೆದಕಿ ಗಂಟು ಬಿಡಿಸುತ್ತೇನೆ. ಖರ್ಚಿಲ್ಲದ ಉಪಾಯ, ಆದರೆ ಕಪ್ಪಿನಲ್ಲಿ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಆಮೇಲೆ ಟ್ಯಾಂಪರಿನಿಂದ ಒತ್ತುವಾಗ ಜೋರಿಗಿಂತ ಸಮ ಮುಖ್ಯ. ಓರೆಯಾಗಿ ಒತ್ತಿದರೆ ನೀರೂ ಓರೆಯಾಗಿಯೇ ಹರಿಯುತ್ತದೆ.

ನೀರು? ಬೋರ್‌ವೆಲ್ ನೀರನ್ನೇ ಹಾಕಿದರೆ ಯಂತ್ರದೊಳಗೆ ಸುಣ್ಣ ಕಟ್ಟುತ್ತದೆ. ಬರೀ ಆರ್‌ಒ ನೀರಾದರೆ ಕಾಫಿ ಸಪ್ಪೆ. ನಾನು ಆರ್‌ಒ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸುತ್ತೇನೆ.

ಹಾಲಿನ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಫ್ರಿಜ್ಜಿನಿಂದ ತೆಗೆದ ಪ್ಯಾಕೆಟ್ ಹಾಲನ್ನು ಹಾಗೇ ಜಗ್ಗಿಗೆ ಸುರಿದದ್ದನ್ನು ಅಮ್ಮ ನೋಡಿದರು.

"ಹಸಿ ಹಾಲು ಹಾಕ್ತೀಯೇನೋ?"

"ಪ್ಯಾಕೆಟ್ ಹಾಲು ಪಾಶ್ಚರೀಕರಿಸಿಯೇ ಬರುತ್ತಮ್ಮ. ಇಲ್ಲೂ ಹಬೆಯಲ್ಲಿ ಕಾಯಿಸ್ತೀನಲ್ಲ."

ಕಾಯಿಸಿ ಆರಿದ ಹಾಲಿನಲ್ಲಿ ಕೆನೆ ಕಟ್ಟುತ್ತದೆ, ನೊರೆ ನಯವಾಗುವುದಿಲ್ಲ. ತಣ್ಣಗಿದ್ದರೆ ನೊರೆ ಎಬ್ಬಿಸಲು ಸಮಯವೂ ಸಿಗುತ್ತದೆ. 60-65 ಡಿಗ್ರಿಗೆ ನಿಲ್ಲಿಸಬೇಕು. ಅಮ್ಮನಿಗೆ ಅದು ಉಗುರುಬೆಚ್ಚಗಿನ ಕಾಫಿ. ಹಾಗಾಗಿ ಅವರಿಗೆ ಹಿತ್ತಾಳೆ ಫಿಲ್ಟರೇ ಸರಿ.

ಆ ಫಿಲ್ಟರ್ ಕಾಫಿಯೂ ಈ ತಕ್ಕಡಿಯಿಂದ ಸುಧಾರಿಸಿದೆ. ಈಗ ಅದಕ್ಕೂ ಪುಡಿ, ನೀರು ಎರಡನ್ನೂ ತೂಗುತ್ತೇನೆ: 30 ಗ್ರಾಂ ಪುಡಿ, 200 ಗ್ರಾಂ ನೀರು, ಎಸ್ಪ್ರೆಸೊಗಿಂತ ತರಿ. ಒಮ್ಮೆ ಚಿಕೊರಿ ಪೂರ್ತಿ ಬಿಟ್ಟು ನೋಡಿದೆ. ಡಿಕಾಕ್ಷನ್ ಬೇಗ ಇಳಿಯಿತು, ಹಾಲಿಗೆ ಬಿದ್ದ ಮೇಲೆ ಮೈಯೇ ಇಲ್ಲ. ಚಿಕೊರಿ ಅಂದರೆ ಕಲಬೆರಕೆ ಅಂತ ಬೈಯುವುದು ಈಗ ಫ್ಯಾಷನ್, ಅಲ್ವಾ? ಜಾಸ್ತಿ ಆದರೆ ಮಾತ್ರ ಅದು ಮೋಸ. ಕಾನೂನು ಪ್ರಕಾರ 49 ಭಾಗದವರೆಗೂ ಹಾಕಬಹುದು, ಪ್ರಮಾಣ ಪ್ಯಾಕೆಟ್ ಮೇಲೆ ಇರುತ್ತದೆ, ಓದಿ. ನಾನು ಚಿಕೊರಿ ಬೇರೆ ತಂದು ಮನೆಯಲ್ಲೇ ಬೆರೆಸುತ್ತೇನೆ. ಅಮ್ಮನಿಗೆ 20 ಭಾಗ ಬೇಕು, ನನಗೆ 10 ಸಾಕು. ಎರಡು ಫಿಲ್ಟರ್ ತೊಳೆಯಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ 15.