ಸಿ++20 ಕಾನ್ಸೆಪ್ಟ್: ಷರತ್ತು ಬಿಗಿ ಮಾಡಿದರೂ ಓವರ್‌ಲೋಡ್ 'ಆಂಬಿಗ್ಯುಯಸ್' ಆದರೆ ಹೀಗೆ ಸರಿಪಡಿಸಿ

ಒಂದೇ ಹೆಸರಿನ ಎರಡು ಟೆಂಪ್ಲೇಟ್ ಫಂಕ್ಷನ್‌ಗಳಿವೆ (ಓವರ್‌ಲೋಡ್‌ಗಳು) ಎನ್ನಿ. ಮೊದಲನೆಯದರ ರಿಕ್ವೈರ್ಸ್‌ನಲ್ಲಿ (ಟಿ ಎಂಬ ಟೈಪ್ ಪಾಲಿಸಬೇಕಾದ ಷರತ್ತು) ಈಸ್_ಇಂಟೆಗ್ರಲ್_ವಿ<ಟಿ>, ಅಂದರೆ 'ಟಿ ಪೂರ್ಣಾಂಕದ ಟೈಪ್' ಎಂದಿದೆ. ಎರಡನೆಯದರಲ್ಲಿ ಅದೇ ಷರತ್ತು, ಜೊತೆಗೆ && ಸೈಜಾಫ್(ಟಿ) == 4. ಇಂಟ್ 4 ಬೈಟ್ ಇರುವ ಯಂತ್ರದಲ್ಲಿ ಇಂಟ್ ಕೊಟ್ಟು ಕರೆದರೆ ಎರಡನೆಯದೇ ಗೆಲ್ಲಬೇಕು ಅನಿಸುತ್ತದೆ. ಗೆಲ್ಲುವುದಿಲ್ಲ, ಕರೆ ಆಂಬಿಗ್ಯುಯಸ್ (ಎರಡರಲ್ಲಿ ಯಾವುದೆಂದು ತೀರ್ಮಾನಿಸಲಾಗದು) ಎಂಬ ಎರರ್ ಬರುತ್ತದೆ.

ಕಂಪೈಲರ್ ಷರತ್ತಿನ ಅರ್ಥಕ್ಕೆ ಹೋಗುವುದೇ ಇಲ್ಲ. ಕಾನ್ಸೆಪ್ಟ್‌ಗಳನ್ನು (ಹೆಸರಿಟ್ಟ ಷರತ್ತುಗಳನ್ನು) ಬಿಚ್ಚಿ, && ಮತ್ತು || ಇರುವಲ್ಲಿ ಒಡೆದು, ಉಳಿದ ತುಂಡುಗಳನ್ನು ಅಟಾಮಿಕ್ (ಇನ್ನು ಒಡೆಯದ) ಷರತ್ತು ಎಂದು ಹಿಡಿಯುತ್ತದೆ. ಎರಡು ತುಂಡುಗಳು ಒಂದೇ ಎನಿಸಿಕೊಳ್ಳಬೇಕಾದರೆ ಅವು ಸೋರ್ಸ್‌ನ ಒಂದೇ ಜಾಗದಿಂದ ಬಂದಿರಬೇಕು. ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೂ ಎರಡು ಕಡೆ ಬರೆದಿದ್ದರೆ ಅವು ಬೇರೆ ಬೇರೆಯೇ.

ಹಾಗಾಗಿ ಎರಡೂ ಫಂಕ್ಷನ್‌ಗಳಿಗೆ ಸಮಾನವಾದ ಭಾಗವನ್ನು ಕಾನ್ಸೆಪ್ಟ್ ಆಗಿಸಿ. ಇಲ್ಲಿ ಹೊಸದು ಬರೆಯಬೇಕಿಲ್ಲ, <ಕಾನ್ಸೆಪ್ಟ್ಸ್> ಹೆಡರ್‌ನ ಎಸ್‌ಟಿಡಿ::ಇಂಟೆಗ್ರಲ್ ಸಾಕು. ಎರಡೂ ಕಡೆ ಇಂಟೆಗ್ರಲ್<ಟಿ> ಎಂದು ಬದಲಿಸಿ. ಸೈಜಾಫ್ ಭಾಗ ಒಂದೇ ಕಡೆ ಇರುವುದರಿಂದ ಇದ್ದಲ್ಲೇ ಇರಲಿ.

ನಿಷೇಧ (!) ಇನ್ನೂ ಮೋಸದ್ದು. !ಇಂಟೆಗ್ರಲ್<ಟಿ> ಎಂದಾಗ ಒಳಗಿನ ಕಾನ್ಸೆಪ್ಟ್ ಬಿಚ್ಚಿಕೊಳ್ಳುವುದಿಲ್ಲ, ಇಡೀ ಪದವೇ ಒಂದು ಅಟಾಮಿಕ್ ಷರತ್ತಾಗುತ್ತದೆ. ಅದನ್ನು ಎರಡು ಓವರ್‌ಲೋಡ್‌ಗಳಲ್ಲಿ ಬಳಸಬೇಕಿದ್ದರೆ ನಿಷೇಧಕ್ಕೇ ಒಂದು ಕಾನ್ಸೆಪ್ಟ್ ಬರೆದು ಹೆಸರಿಡಿ. ಸೈಜಾಫ್(ಟಿ) >= 4 ಇದ್ದರೆ >= 2 ಕೂಡ ನಿಜ ಎಂಬ ಲೆಕ್ಕವನ್ನೂ ಕಂಪೈಲರ್ ಮಾಡುವುದಿಲ್ಲ. >= 2 ಎಂಬುದನ್ನು ಕಾನ್ಸೆಪ್ಟ್ ಮಾಡಿ, ಬಿಗಿಯಾದದ್ದನ್ನು ಅದರ ಮೇಲೆ && ಹಾಕಿ ಕಟ್ಟಿ.

ಎರರ್ ಬಾರದೆ ತಪ್ಪು ಫಂಕ್ಷನ್ ಓಡುವ ಸಂದರ್ಭ ಹೆಚ್ಚು ಅಪಾಯಕಾರಿ. ಷರತ್ತುಗಳ ಹೋಲಿಕೆ ಬರುವುದು ಕೊನೆಗೆ. ಆರ್ಗ್ಯುಮೆಂಟ್ ಕನ್ವರ್ಷನ್‌ನಲ್ಲೇ ಒಂದು ಮೇಲಾದರೆ ಆಟ ಅಲ್ಲಿಗೇ ಮುಗಿಯಿತು. ಷರತ್ತಿಲ್ಲದ ಟಿ&& ಪ್ಯಾರಾಮೀಟರ್‌ನ ಫಂಕ್ಷನ್ (ಇಲ್ಲಿ && ಎಂದರೆ 'ಮತ್ತು' ಅಲ್ಲ, ರೆಫರೆನ್ಸ್) ಮತ್ತು ಇಂಟೆಗ್ರಲ್ ಷರತ್ತಿನ ಕಾನ್ಸ್ಟ್ ಟಿ& ಪ್ಯಾರಾಮೀಟರ್‌ನದು ಎರಡೂ ಇದ್ದು, ಕಾನ್ಸ್ಟ್ ಅಲ್ಲದ ಇಂಟ್ ವೇರಿಯಬಲ್ ಕೊಟ್ಟರೆ ಟಿ&& ಗೆಲ್ಲುತ್ತದೆ. ಎರಡಕ್ಕೂ ಟಿ&& ಕೊಡಿ. ಆದರೆ ಆಗ ಟಿ ಎಂದರೆ ಇಂಟ್&, ಅದಕ್ಕೆ ಇಂಟೆಗ್ರಲ್ ಸುಳ್ಳು! ಷರತ್ತನ್ನು ಇಂಟೆಗ್ರಲ್<ರಿಮೂವ್_ಸಿವಿರೆಫ್_ಟಿ<ಟಿ>> ಎಂದು, ರೆಫರೆನ್ಸ್ ತೆಗೆದು, ಬರೆಯಲೇಬೇಕು.

ಕಾರಣ ಹುಡುಕುವಾಗ ಮೊದಲು ಸ್ಟ್ಯಾಟಿಕ್_ಅಸರ್ಟ್‌ನಲ್ಲಿ (ಕಂಪೈಲ್ ಮಾಡುವಾಗಲೇ ನಡೆಯುವ ಪರೀಕ್ಷೆ) ನಿಮ್ಮ ಟೈಪ್‌ಗೆ ಆ ಕಾನ್ಸೆಪ್ಟ್ ನಿಜವೇ ನೋಡಿ, ಇಂಟ್ ಮತ್ತು ಇಂಟ್& ಎರಡಕ್ಕೂ. ಸುಳ್ಳು ಬಂದರೆ ಜಿಸಿಸಿ ಕಂಪೈಲರ್‌ನಲ್ಲಿ -ಎಫ್‌ಕಾನ್ಸೆಪ್ಟ್ಸ್-ಡಯಾಗ್ನೊಸ್ಟಿಕ್ಸ್-ಡೆಪ್ತ್=2 ಕೊಡಿ, ಒಳಗಿನ ಯಾವ ಷರತ್ತು ಬಿತ್ತು ಎಂದು ಇನ್ನೊಂದು ಹಂತ ಆಳಕ್ಕೆ ತೋರಿಸುತ್ತದೆ. ನಿಜ ಬಂದೂ ಆಂಬಿಗ್ಯುಯಸ್ ಆದರೆ ಅದೇ ಕೋಡನ್ನು ಕ್ಲ್ಯಾಂಗ್ ಕಂಪೈಲರ್‌ಗೆ ಕೊಡಿ: ಒಂದೇ ತೆರನಾದ ಷರತ್ತುಗಳು ಒಂದೇ ಕಾನ್ಸೆಪ್ಟ್‌ನಿಂದ ಬಂದಿಲ್ಲ ಎಂಬ ನೋಟ್, ಎರಡೂ ಸಾಲುಗಳನ್ನು ತೋರಿಸಿ, ಎರರ್‌ನ ಕೆಳಗೇ ಬರುತ್ತದೆ.