ಯಾರ್ಕ್‌ಗೆ ಹೊಸದಾಗಿ ಬಂದವರಿಗೆ: ಹಳೇ ಪೇಟೆಯನ್ನು ಬಿಟ್ಟುಕೊಡಬೇಡಿ

ಇಂಗ್ಲೆಂಡಿನ ಯಾರ್ಕ್‌ಗೆ ಓದಲಿಕ್ಕೋ ಕೆಲಸಕ್ಕೋ ಬರುವ ನಮ್ಮವರು ಮೊದಲ ವಾರವೇ ಹಳೇ ಪೇಟೆಯ ಶ್ಯಾಂಬಲ್ಸ್ ಅನ್ನುವ ಬೀದಿಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ತರಕಾರಿಗೆ ಸೂಪರ್‌ಮಾರ್ಕೆಟ್, ಮಿಕ್ಕಿದ್ದಕ್ಕೆ ಆನ್‌ಲೈನ್. ಹಳೇ ಪೇಟೆ ಏನಿದ್ದರೂ ಪ್ರವಾಸಿಗಳಿಗೆ ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಾರಕ್ಕೊಮ್ಮೆಯಾದರೂ ಚೀಲ ಹಿಡಿದು ಅಲ್ಲಿಗೆ ಹೋಗಿ. ನಾಲ್ಕು ಜನ ಮುಖ ಗುರುತು ಹಿಡಿಯುವುದು ಅಲ್ಲೇ.

ಹೊತ್ತು ನೋಡಿಕೊಂಡು ಹೋಗಬೇಕು ಅಷ್ಟೆ. ಶನಿವಾರ ಮಧ್ಯಾಹ್ನ ಕಾಲಿಡಲು ಜಾಗ ಇರುವುದಿಲ್ಲ, ಕ್ರಿಸ್‌ಮಸ್ ಸಂತೆಯ ದಿನಗಳಲ್ಲಂತೂ ಕೇಳಲೇಬೇಡಿ. ವಾರದ ದಿನ ಬೆಳಿಗ್ಗೆ ಬೇಗ ಹೋದರೆ ಬೀದಿ ನಿಮ್ಮದೇ. ಕಾರು ಬೇಡ. ಹಗಲು ಹೊತ್ತು ಪೇಟೆಯ ಹೆಚ್ಚಿನ ಬೀದಿಗಳಿಗೆ ವಾಹನ ಬಿಡುವುದಿಲ್ಲ. ದೂರದಲ್ಲಿ ಮನೆ ಮಾಡಿದ್ದರೆ ಊರ ಹೊರಗೆ ಕಾರು ನಿಲ್ಲಿಸಿ ಹತ್ತುವ ಪಾರ್ಕ್ ಅಂಡ್ ರೈಡ್ ಬಸ್ಸೇ ಸುಲಭ.

ಶ್ಯಾಂಬಲ್ಸ್ ಅನ್ನು ಖಾಲಿ ಇದ್ದಾಗ ನಿಧಾನವಾಗಿ ನೋಡಿ. ಅದು ಕಟುಕರ ಬೀದಿ. 1872ರಲ್ಲೂ ಇಲ್ಲಿ 25 ಮಾಂಸದಂಗಡಿಗಳಿದ್ದವು, ಈಗ ಒಂದೂ ಇಲ್ಲ. ಆದರೆ ಕಿಟಕಿಗಳ ಕೆಳಗೆ ಮಾಂಸ ಜೋಡಿಸಿಡುತ್ತಿದ್ದ ಅಗಲದ ಹಲಗೆಗಳು ಹಾಗೇ ಇವೆ. ತಲೆ ಎತ್ತಿದರೆ ಮಾಂಸ ನೇತುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳೂ ಕಾಣುತ್ತವೆ. ಮರದ ಚೌಕಟ್ಟಿನ ಮನೆಗಳ ಮಹಡಿಗಳು ಎರಡೂ ಕಡೆಯಿಂದ ಬೀದಿಯ ಮೇಲೆ ಚಾಚಿಕೊಂಡಿವೆ. ಇದರಿಂದ ಮಾಂಸಕ್ಕೆ ಬಿಸಿಲು ತಾಗುತ್ತಿರಲಿಲ್ಲ. 35ನೇ ನಂಬರಿನ ಮನೆಯೊಳಗೆ ಒಂದು ಪುಟ್ಟ ಪ್ರಾರ್ಥನಾ ಕೋಣೆ ಇದೆ. ಕಟುಕನ ಹೆಂಡತಿ ಮಾರ್ಗರೆಟ್ ಕ್ಲಿಥರೋ ಹೆಸರಿನದು. ಕ್ಯಾಥೊಲಿಕ್ ಪಾದ್ರಿಗಳನ್ನು ಮನೆಯಲ್ಲಿ ಬಚ್ಚಿಟ್ಟ ಆರೋಪಕ್ಕೆ 1586ರಲ್ಲಿ ಆಕೆಯ ಮೇಲೆ ಭಾರ ಹೇರಿ ಕೊಂದರು. 1970ರಲ್ಲಿ ಆಕೆಯನ್ನು ಸಂತಳೆಂದು ಸಾರಲಾಯಿತು. ಒಳಗೆ ಎರಡು ನಿಮಿಷ ಕೂತು ಬನ್ನಿ.

ಪಕ್ಕದ ಓಣಿಗೆ ನುಗ್ಗಿದರೆ ಶ್ಯಾಂಬಲ್ಸ್ ಮಾರ್ಕೆಟ್. ವಾರವಿಡೀ ಇರುತ್ತದೆ. ತರಕಾರಿ, ಮೀನು, ಹೂವು, ಬಟ್ಟೆ, ಬಿಸಿ ತಿಂಡಿ ಎಲ್ಲ ಸಿಗುತ್ತವೆ. ಇಲ್ಲಿ ಚೌಕಾಸಿ ನಡೆಯುವುದಿಲ್ಲ, ಹೇಳಿದ ಬೆಲೆ ಕೊಡಬೇಕು. ಆದರೆ ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ ಅವರೇ ಇಳಿಸುವುದುಂಟು. ತರಕಾರಿಯವರು 'ಲವ್' ಅಂತ ಕರೆದರೆ ಗಾಬರಿ ಬೇಡ, ಯಾರ್ಕ್‌ಶೈರ್‌ನಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರೆ. ನೀವೂ ಹವಾಮಾನದ ಬಗ್ಗೆ ಒಂದು ಮಾತಾಡಿ. ಒಂದೆರಡು ತಿಂಗಳು ಒಂದೇ ಅಂಗಡಿಗೆ ಹೋದರೆ ಒಳ್ಳೆ ಟೊಮೆಟೊ ಯಾವುದು ಅಂತ ಅವರೇ ತೋರಿಸುತ್ತಾರೆ. ಕರಿಬೇವು, ಉದ್ದಿನಬೇಳೆ, ಹುಣಸೆಹಣ್ಣು ಜಾಸ್ತಿ ಬೇಕಿದ್ದರೆ ಮಾತ್ರ ಲೀಡ್ಸ್ ಕಡೆ ರೈಲು ಹತ್ತಿ, ಅರ್ಧ ಗಂಟೆಯ ದಾರಿ.

ಈ ಪೇಟೆಯಲ್ಲಿ ಸಂತೆ ಜಾಗ ಬದಲಿಸುತ್ತಲೇ ಬಂದಿದೆ. ಹತ್ತಿರದ ಸೇಂಟ್ ಸ್ಯಾಂಪ್ಸನ್ಸ್ ಚೌಕದಲ್ಲಿ ಹಿಂದೆ ಗುರುವಾರದ ಸಂತೆ ಸೇರುತ್ತಿತ್ತು. ಪೇವ್‌ಮೆಂಟ್ ಅನ್ನುವ ಬೀದಿಯಲ್ಲಿ ಇನ್ನೊಂದು. 1830ರ ದಶಕದಲ್ಲಿ ನಡುವಿನ ಕಟ್ಟಡಗಳನ್ನು ಕೆಡವಿ ಪಾರ್ಲಿಮೆಂಟ್ ಸ್ಟ್ರೀಟ್ ಮಾಡಿದರು. ಅದು ಅಷ್ಟು ಅಗಲ ಇರುವುದು ಸಂತೆಗೋಸ್ಕರವೇ.

ಸಸ್ಯಾಹಾರಿಗಳು ಇದನ್ನು ನೆನಪಿಡಿ. ಈ ಸೀಮೆಯಲ್ಲಿ ಬಹಳಷ್ಟು ಚಿಪ್ಸ್ ಅಂಗಡಿಗಳು ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲೇ ಕರಿಯುತ್ತವೆ. ಸುಮ್ನೆ ಚಿಪ್ಸ್ ತಾನೇ ಅಂದುಕೊಳ್ಳಬೇಡಿ. ಯಾವ ಎಣ್ಣೆ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಲ್ಲಿ ಸಂದಿಗೊಂದಿಗಳಲ್ಲೇ ನಡೆಯುವುದನ್ನು ಕಲಿಯಿರಿ. ಸ್ಟೋನ್‌ಗೇಟ್ ಬೀದಿಯ 33ನೇ ನಂಬರಿನ ಹತ್ತಿರ ಗೋಡೆಯ ಮೇಲೆ ಕೆಂಪು ಬಣ್ಣದ ಪುಟ್ಟ ದೆವ್ವ ಕೂತಿದೆ, ಹಿಂದಿನ ಮುದ್ರಣಕಾರರ ಗುರುತು. ಅಲ್ಲೇ ಕಾಫಿ ಯಾರ್ಡ್ ಅನ್ನುವ ಸಂದಿ ಶುರು. ಸೂರು ತಗ್ಗು, ಎತ್ತರದವರು ತಲೆ ಬಗ್ಗಿಸಬೇಕು. ಗುಡ್‌ರಮ್‌ಗೇಟ್ ಬೀದಿಯಲ್ಲಿ ಲೇಡಿ ರೋ ಅಂತ ಸಾಲುಮನೆಗಳಿವೆ. 1316ರಲ್ಲಿ ಕಟ್ಟಿದವು, ಈಗಲೂ ಅಂಗಡಿ ನಡೆಯುತ್ತಿದೆ.

ಕೋಟೆ ಗೋಡೆಯ ಮೇಲೆ ನಡೆಯಲು ದುಡ್ಡು ಕೊಡಬೇಕಿಲ್ಲ. ಒಟ್ಟು 3.4 ಕಿಲೋಮೀಟರ್. ಸಮಯ ಇಲ್ಲದಿದ್ದರೆ ಬೂತಮ್ ಬಾರ್‌ನಿಂದ ಮಂಕ್ ಬಾರ್‌ವರೆಗೆ ಸಾಕು (ಇಲ್ಲಿ ಬಾರ್ ಅಂದರೆ ಕೋಟೆಯ ಬಾಗಿಲು), ಊರಿನ ದೊಡ್ಡ ಚರ್ಚ್ ಮಿನ್‌ಸ್ಟರ್ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಹಲವು ಕಡೆ ಒಳಬದಿಗೆ ಕಂಬಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಮಿನ್‌ಸ್ಟರ್ ಒಳಗೆ ಪ್ರವಾಸಿಗಳಿಗೆ ಟಿಕೆಟ್ ದುಬಾರಿ. ಊರಿನ ನಿವಾಸಿಗಳಿಗೆ ಉಚಿತ, ವಿಳಾಸದ ಪುರಾವೆ ಜೊತೆಗಿಟ್ಟುಕೊಳ್ಳಿ.

ಊರಿಂದ ಅಪ್ಪ ಅಮ್ಮ ಬಂದಾಗ ಅವರಿಗೆ ಮೊದಲು ಒಂದು ಜೊತೆ ಗಟ್ಟಿ ಶೂ ಕೊಡಿಸಿ. ಈ ಕಲ್ಲುಹಾಸಿನ ಮೇಲೆ, ಅದರಲ್ಲೂ ಮಳೆಯಲ್ಲಿ, ಸೀರೆ ಚಪ್ಪಲಿ ಕಷ್ಟ. ನಡೆದು ಸುಸ್ತಾದರೆ ಚರ್ಚ್ ಸ್ಟ್ರೀಟ್‌ನ ಸೇಂಟ್ ಸ್ಯಾಂಪ್ಸನ್ಸ್‌ಗೆ ಕರೆದುಕೊಂಡು ಹೋಗಿ. ಹಳೇ ಚರ್ಚ್ ಕಟ್ಟಡವನ್ನು 60 ದಾಟಿದವರಿಗೆಂದೇ ಮೀಸಲಿಟ್ಟಿದ್ದಾರೆ. ಟೀ ಅಗ್ಗ, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ.